ಒಂಬತ್ತನೆಯ ಅಮಿತಾಯು

ನಲವತ್ತನಾಲ್ಕನೆಯ ವಯಸ್ಸಿಗೆ ಕೌ ಸುಲಾನಳ ಬಾಯಲ್ಲಿ ಉಳಿದಿದ್ದದ್ದು ಹನ್ನೊಂದು ಹಲ್ಲು. ಒಸಡಿನ ಅಂಚಿಗೆ ಕಪ್ಪು ಗೆರೆ ಕಟ್ಟಿತ್ತು. ಬೆಳಿಗ್ಗೆ ನವಣೆಗಂಜಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತುಟಿಗೆ ತರುವಷ್ಟರಲ್ಲಿ ಅರ್ಧಕ್ಕರ್ಧ ಮಡಿಲಿಗೆ ಚೆಲ್ಲುತ್ತಿತ್ತು. ಅದನ್ನು ನೋಡಿ ಮಂಗೋಲರ ಗಡಿಗೆ ಹತ್ತಿದ ನಮ್ಮ ದೊಲೋನ್ನೂರಿನಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಬುದ್ಧನನ್ನು ಎರಕ ಹೊಯ್ಯುವುದೇ ಕಸುಬಾದ ಊರು ನಮ್ಮದು. ಚಿನ್ನ ಹಚ್ಚುವವರ ಕೈ ನಡುಗುವುದು, ಕಮ್ಮಾರನ ಅಂಗೈ ಒರಟಾಗಿರುವಷ್ಟೇ ಸಹಜ ಎಂದು ತಿಳಿದುಕೊಂಡಿದ್ದೆವು.

ನನ್ನ ಅಪ್ಪ ಮೆಂಗ್ ಯಜಮಾನರ ಕಾರ್ಖಾನೆಯಲ್ಲಿ ಎರಕದ ಅಚ್ಚಿಗೆ ಬೇಕಾದ ಮೇಣದ ಮೂರ್ತಿ ತಿದ್ದುತ್ತಿದ್ದ. ನಾನು ಹದಿನಾಲ್ಕು ತುಂಬುವ ಮೊದಲೇ ಸುಲಾನಳ ಪಕ್ಕದಲ್ಲಿ ಕೂತು, ಚಿನ್ನ ಹತ್ತಿದ ಮೂರ್ತಿಗಳಿಗೆ ನುಣುಪು ಕಲ್ಲಿನಿಂದ ಒಪ್ಪ ಹಾಕಲು ಶುರುಮಾಡಿದೆ. ಅವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಕ್ಕ ಎನ್ನುತ್ತಿದ್ದೆ. ಅವಳು ನನ್ನನ್ನು ಚುನ್ ಎಂದು ಹೆಸರು ಹಿಡಿದು ಕರೆಯುತ್ತಿದ್ದಳು. ಸಿಟ್ಟು ಬಂದಾಗ ಮಾತ್ರ 'ಮೇಣದವನ ಮಗಳೇ' ಎನ್ನುವಳು. ಹದಿನೆಂಟು ವರ್ಷ ಹಾಗೆ ಒಂದೇ ಬೆಂಚಿನ ಮೇಲೆ ಕೂತೆವು. ಆದ್ದರಿಂದ ಅವಳ ವಿಷಯ ಹೇಳಲು ನನಗೆ ಸ್ವಲ್ಪ ಹಕ್ಕಿದೆ.

ಸುಲಾನಳ ಅಪ್ಪ ಕೌ ಮೇಸ್ತ್ರಿಗೆ ಗಂಡುಮಕ್ಕಳಿರಲಿಲ್ಲ. ಬೆಂಕಿಚಿನ್ನದ ವಿದ್ಯೆಯನ್ನು ಮನೆಯ ಹೊರಗಿನವರಿಗೆ ಹೇಳಿಕೊಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಹಾಗಾಗಿ ಪಾಂಗ್ ಎಂಬ ತಬ್ಬಲಿಯನ್ನು ಮಗಳಿಗೆ ತಂದುಕೊಂಡು ಮನೆಯಳಿಯ ಮಾಡಿಕೊಂಡ. ಆ ವಿದ್ಯೆ ಎಂದರೆ, ಚಿನ್ನದ ತೆಳು ತಗಡನ್ನು ಚೂರು ಮಾಡಿ ಕೆಂಪಗೆ ಕಾದ ಮೂಸೆಗೆ ಹಾಕಿ, ಅದರ ಮೇಲೆ ಪಾದರಸ ಸುರಿಯಬೇಕು. ಚಿನ್ನ ಕಣ್ಣೆದುರೇ ಮಾಯವಾಗುತ್ತದೆ. ನೀರಿಗೆ ಹೊಯ್ದರೆ ಬೆಣ್ಣೆಯಂಥ ಬಿಳಿಯ ಮುದ್ದೆ. ಇದಕ್ಕೆ ನಮ್ಮವರು 'ಚಿನ್ನ ಕೊಲ್ಲುವುದು' ಎನ್ನುತ್ತಾರೆ. ಹುಳಿನೀರಲ್ಲಿ ತೊಳೆದ ಕಂಚಿನ ಮೈಗೆ ಆ ಮುದ್ದೆಯನ್ನು ಸವರಿ, ಇದ್ದಲ ಕೆಂಡದ ಮೇಲೆ ಹಿಡಿದು ತಿರುಗಿಸುತ್ತ ಹೋದರೆ ಪಾದರಸ ಹಾರಿಹೋಗುತ್ತದೆ, ಹಳದಿ ಮೇಲೇಳುತ್ತದೆ. ಅದು 'ಚಿನ್ನ ಅರಳಿಸುವುದು'. ಒಂದೊಂದು ಮೂರ್ತಿಗೂ ಮೂರು ಸಲ, ನಾಲ್ಕು ಸಲ. ಹಾರಿಹೋದದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಬೆಂಕಿ ಹಾಕಿದ ದಿನ ಯಜಮಾನರ ಅಡುಗೆಮನೆಯಿಂದ ಹೆಸರುಕಾಳಿನ ತಿಳಿಗಂಜಿ ಒಂದು ದೊಡ್ಡ ಗಡಿಗೆ ತುಂಬ ಬರುತ್ತಿತ್ತು. ಹೆಸರುಕಾಳು ವಿಷ ಇಳಿಸುತ್ತದೆ ಎಂಬುದು ನಮ್ಮಲ್ಲಿ ಕೂಸಿಗೂ ಗೊತ್ತು.

ಕೌ ಮೇಸ್ತ್ರಿ ನಲವತ್ತೇಳಕ್ಕೆ ಹೋದ. ಆಮೇಲೆ ಪಾಂಗ್ ಬೆಂಕಿಯ ಮುಂದೆ ಕೂತ. ಪಾಂಗ್ ಎಂದರೆ ನಗೆಮಾತಿನ ಮನುಷ್ಯ. ಒಂಟೆ ಕಟ್ಟಿಕೊಂಡು ಬರುವ ಮಂಗೋಲರನ್ನು, ಲಾಮಾಗಳನ್ನು, ಕೊನೆಗೆ ಯಜಮಾನರನ್ನೂ ಬಿಡದೆ ರೇಗಿಸುತ್ತಿದ್ದವನು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವನಿಗೆ ನಾಚಿಕೆ ಹತ್ತಿತು. ಈ ಕೆಲಸದವರಿಗೆ ಬರುವ ಕಾಯಿಲೆಯಲ್ಲಿ ನೋಡುವವರಿಗೆ ಅತಿ ಕಷ್ಟವಾದದ್ದು ಅದೇ. ಕೈ ನಡುಗುವುದಲ್ಲ, ಹಲ್ಲು ಉದುರುವುದಲ್ಲ. ಯಾರಾದರೂ ಗಿರಾಕಿ ಅಂಗಳಕ್ಕೆ ಬಂದರೆ ಪಾಂಗ್ ಎದ್ದು ಇದ್ದಲಿನ ಕೋಣೆಗೆ ಹೋಗಿ ಬಾಗಿಲ ಹಿಂದೆ ನಿಲ್ಲುತ್ತಿದ್ದ. ಹೆಸರು ಹಿಡಿದು ಕರೆದರೆ ಕಣ್ಣಲ್ಲಿ ನೀರು ತರುತ್ತಿದ್ದ. ಕೊನೆಯ ವರ್ಷ ಹೆಂಡತಿಯ ಎದುರೂ ಊಟ ಮಾಡುತ್ತಿರಲಿಲ್ಲ, ಗೋಡೆಗೆ ಮುಖಮಾಡಿ ಕೂರುತ್ತಿದ್ದ. ಅವನು ತೀರಿಕೊಂಡಾಗ ಸುಲಾನಳಿಗೆ ಮೂವತ್ತೆರಡು. ಎರಡು ಬಸಿರು ನಿಂತಿರಲಿಲ್ಲ. ಮೂರನೆಯದು ಹುಟ್ಟಿ ಹದಿನೇಳು ದಿನ ಇತ್ತು, ಅಷ್ಟೆ.

ಗಂಡ ಹೋದ ತಿಂಗಳಲ್ಲೇ ಒಂದು ಮಠದ ಕೆಲಸ ಅರ್ಧಕ್ಕೆ ನಿಂತಿತ್ತು. ಬೆಂಕಿಚಿನ್ನ ಬಲ್ಲವರು ಬೇರೆ ಯಾರೂ ಇರಲಿಲ್ಲ. ಸುಲಾನ್ ತಾನೇ ಹೋಗಿ ಗಂಡನ ಮಣೆಯ ಮೇಲೆ ಕೂತಳು. ಹೆಂಗಸು ಕುಲುಮೆಯ ಮುಂದೆ ಕೂರಬಾರದು ಎಂದು ಎರಕದವರು ಗೊಣಗಿದರು. ಮೆಂಗ್ ಯಜಮಾನರು, ಬುದ್ಧ ಬಂದು ದೂರು ಹೇಳಲಿ ಆಮೇಲೆ ನೋಡೋಣ ಎಂದು ಅವರ ಬಾಯಿ ಮುಚ್ಚಿಸಿದರು. ಹಾಗೆ ಕೂತವಳು ಹನ್ನೆರಡು ವರ್ಷ ಏಳಲಿಲ್ಲ. ಅವಳ ಕೈಯ ಚಿನ್ನ ಅಪ್ಪನದಕ್ಕಿಂತಲೂ ದಟ್ಟ, ಗಂಡನದಕ್ಕಿಂತಲೂ ಸಮ. ಅದನ್ನು ನಾನೊಬ್ಬಳೇ ಹೇಳುವುದಲ್ಲ, ಪೀಕಿಂಗಿನಿಂದ ಬಂದ ವ್ಯಾಪಾರಿಗಳೂ ಹೇಳುತ್ತಿದ್ದರು.

ಚಕ್ರವರ್ತಿ ಸಿಂಹಾಸನ ಬಿಟ್ಟು ಹದಿಮೂರು ವರ್ಷವಾಗಿದ್ದ ಬೇಸಿಗೆ. ಉಣ್ಣೆ ಮತ್ತು ಚಹಾದ ದೊಡ್ಡ ವ್ಯಾಪಾರಿ ಶಿಂಗ್ ವಾನ್‌ಲು ನಮ್ಮ ಕಾರ್ಖಾನೆಗೆ ಬಂದ. ಒಂಬತ್ತನೆಯ ತಿಂಗಳಲ್ಲಿ ಅವನ ತಾಯಿಗೆ ಎಂಬತ್ತು ತುಂಬುವುದಿತ್ತು. ಒಂಬತ್ತು ಅಮಿತಾಯು ಬುದ್ಧರನ್ನು ಮಾಡಿಸಿ ತಾಯಿಯ ಆಯುಸ್ಸಿಗಾಗಿ ಮನೆಯಲ್ಲಿ ಪ್ರತಿಷ್ಠೆ ಮಾಡಬೇಕು ಎಂದು ಅವನ ಆಸೆ. ಹಿಂದೆ ಚಕ್ರವರ್ತಿಗಳು ತಮ್ಮ ತಾಯಂದಿರಿಗೆ ಸಾವಿರಗಟ್ಟಲೆ ಮಾಡಿಸುತ್ತಿದ್ದರಂತೆ. ತನಗೆ ಒಂಬತ್ತಾದರೂ ಬೇಡವೇ ಎಂದ.

ಅಮಿತಾಯು ಎಂದರೆ ಎಣೆಯಿಲ್ಲದ ಆಯುಸ್ಸಿನವನು. ಕಿರೀಟ ತೊಟ್ಟು, ಪದ್ಮಾಸನ ಹಾಕಿ, ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಅಂಗೈಗಳ ನಡುವೆ ಅಮೃತದ ಕಲಶ ಹಿಡಿದಿರುತ್ತಾನೆ. ಶಿಂಗ್‌ಗೆ ಅದಷ್ಟೇ ಸಾಲದು. ತಾವರೆ ಪೀಠದ ಸುತ್ತ ಆಯುಸ್ಸಿನ ಗುರುತೆಂದು ಪೀಚ್ ಹಣ್ಣು ಇರಲಿ, ಕೊಕ್ಕರೆ ಇರಲಿ, ದೀರ್ಘಾಯುಸ್ಸಿನ ಅಕ್ಷರ ಇರಲಿ ಎಂದು ಪಟ್ಟು ಹಿಡಿದ. ನನ್ನ ಅಪ್ಪನಿಗೆ ತಲೆಕೆಟ್ಟಿತು. ಅಳತೆ ನೋಡಲು ಬಂದಿದ್ದ ಲಾಮಾ, ಬುದ್ಧನ ಪೀಠ ಏನು ಮಿಠಾಯಿ ಅಂಗಡಿಯ ಹಲಗೆಯೇ ಎಂದು ಕೇಳಿದ. ಮೂರು ದಿನ ಮಾತಾಗಿ ಕೊನೆಗೆ ಪೀಠದ ಹಿಂಬದಿಯಲ್ಲಿ ಎರಡು ಪೀಚ್ ಹಣ್ಣು ಮಾತ್ರ, ಅದೂ ಚಿಕ್ಕದಾಗಿ, ಎಂದು ತೀರ್ಮಾನವಾಯಿತು. ಬೆಂಕಿಚಿನ್ನವೇ ಆಗಬೇಕು, ನಾಲ್ಕು ಲೇಪ, ನೂರು ವರ್ಷ ಹೋದರೂ ಬಣ್ಣ ಮಾಸಬಾರದು ಎಂದು ಶಿಂಗ್ ಎರಡೆರಡು ಸಲ ಹೇಳಿಹೋದ.

ಮೊದಲ ನಾಲ್ಕು ಮೂರ್ತಿಗಳಿಗೆ ಚಿನ್ನವಾದ ಮೇಲೆ, ಒಂದು ದಿನ ಮಧ್ಯಾಹ್ನಕ್ಕೆ ಮುಂಚೆ, ಹೇಸರಗತ್ತೆಯ ಗಾಡಿಯೊಂದು ಅಂಗಳದಲ್ಲಿ ನಿಂತಿತು. ಅದರಿಂದ ಶಿಂಗ್ ಮನೆಯ ಅಜ್ಜಿ ಇಳಿದರು. ಚಿಕ್ಕಂದಿನಲ್ಲೇ ಬಟ್ಟೆಯಿಂದ ಬಿಗಿದು ಕಟ್ಟಿ ಬೆಳೆಯಗೊಡದ ಪುಟ್ಟ ಪಾದಗಳು, ಕೈಯಲ್ಲಿ ಊರುಗೋಲು, ಜೊತೆಗೊಬ್ಬ ಕೆಲಸದ ಹೆಂಗಸು. ಮನೆಯಲ್ಲಿ ಕೂತು ಬೇಜಾರಾಯಿತು, ನನ್ನ ಹೆಸರಲ್ಲಿ ಏನು ನಡೆಯುತ್ತಿದೆ ನೋಡೋಣ ಅಂತ ಬಂದೆ ಎಂದರು. ಮೆಂಗ್ ಯಜಮಾನರು ಓಡಿಬಂದು ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಅಜ್ಜಿ ಕುರ್ಚಿ ಬಿಟ್ಟು ನೇರವಾಗಿ ನಮ್ಮ ಬೆಂಚಿನ ಹತ್ತಿರ ಬಂದರು. ಅಂದು ಬೆಂಕಿ ಇರಲಿಲ್ಲ. ಸುಲಾನ್ ಒಂದು ಕಿರೀಟಕ್ಕೆ ಒಪ್ಪ ಹಾಕುತ್ತಿದ್ದಳು, ಮೊಣಕೈಯನ್ನು ಹಲಗೆಗೆ ಒತ್ತಿ ನಡುಕ ತಡೆದುಕೊಂಡು.

"ನೀನೇನಾ ನನ್ನ ಆಯುಸ್ಸು ಮಾಡ್ತಿರೋಳು?" ಎಂದರು ಅಜ್ಜಿ.

"ಆಯುಸ್ಸು ದೇವರದು ಅಮ್ಮಾವ್ರೆ. ಚಿನ್ನ ಅಷ್ಟೆ ನಂದು."

"ಅದೂ ನಿಂದಲ್ಲ, ನನ್ನ ಮಗಂದು."

ಸುಲಾನ್ ನಗಲಿಲ್ಲ, ನನಗೆ ನಗು ಬಂತು. ಅಜ್ಜಿ ಅವಳನ್ನೇ ನೋಡುತ್ತ ನಿಂತರು. ನೆರೆತ ಕೂದಲು, ಒಳಸೇರಿದ ಕೆನ್ನೆ, ತಲೆ ತಗ್ಗಿಸಿಕೊಂಡ ರೀತಿ, ಎಲ್ಲವನ್ನೂ ಒಂದೊಂದಾಗಿ ನೋಡಿದರು.

"ನಿನ್ನ ವರ್ಷ ಯಾವ್ದು?"

"ಕುದುರೆ."

"ನಂದೂ ಕುದುರೆನೇ. ಹಂಗಾದ್ರೆ ನೀನು ನಂಗಿಂತ ಒಂದು ಸುತ್ತು ಚಿಕ್ಕೋಳು. ಅಂದ್ರೆ ನಿಂಗೆ ಅರವತ್ತೆಂಟಾಯ್ತು. ಈ ವಯಸ್ಸಲ್ಲಿ ಯಾಕಮ್ಮ ದುಡೀತೀಯ, ನೋಡ್ಕೊಳೋರು ಇಲ್ವಾ?"

"ಮೂರು ಸುತ್ತು ಚಿಕ್ಕೋಳು ಅಮ್ಮಾವ್ರೆ," ಎಂದಳು ಸುಲಾನ್, ಕಲ್ಲು ಉಜ್ಜುವುದನ್ನು ನಿಲ್ಲಿಸದೆ.

ನಮ್ಮಲ್ಲಿ ಹುಟ್ಟಿದ ವರ್ಷಕ್ಕೆ ಒಂದೊಂದು ಪ್ರಾಣಿಯ ಹೆಸರು, ಹನ್ನೆರಡು ವರ್ಷಕ್ಕೆ ಒಂದು ಸುತ್ತು. ಅಜ್ಜಿ ಬೆರಳಿನ ಗೆಣ್ಣು ಎಣಿಸಿದರು, ಮತ್ತೆ ಮೊದಲಿಂದ ಎಣಿಸಿದರು. ಆಮೇಲೆ ಕೆಲಸದವಳ ತೋಳು ಹಿಡಿದುಕೊಂಡು ಗಾಡಿಯ ಕಡೆ ನಡೆದರು. ಚಹಾ ಕುಡಿಯಲಿಲ್ಲ. ನಾನೇನಾದರೂ ತಪ್ಪು ಮಾತಾಡಿದೆನಾ ಎಂದು ಸುಲಾನ್ ಆಮೇಲೆ ನನ್ನನ್ನು ಕೇಳಿದಳು. ಗಿರಾಕಿಗಳ ಜೊತೆ ಮಾತಾಡಿದ ದಿನ ಅವಳಿಗೆ ಸಂಜೆಯವರೆಗೂ ಅದೇ ಯೋಚನೆ. ಗಂಡನಿಗೆ ಹತ್ತಿದ ನಾಚಿಕೆ ಅವಳಿಗೂ ಹತ್ತುತ್ತಿದೆ ಎಂದು ನನಗೆ ತಿಳಿದಿತ್ತು. ಅವಳಿಗೂ ತಿಳಿದಿತ್ತು. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಅಜ್ಜಿ ಮತ್ತೆ ಬಂದದ್ದು ಇಪ್ಪತ್ತು ದಿನ ಬಿಟ್ಟು. ಅಷ್ಟರಲ್ಲಿ ಏಳು ಮೂರ್ತಿಗಳು ಮುಗಿದಿದ್ದವು. ಸುಲಾನಳಿಗೆ ಆ ವಾರ ಬಾಯೆಲ್ಲ ಹುಣ್ಣು, ಊಟ ಸೇರುತ್ತಿರಲಿಲ್ಲ. ಅಜ್ಜಿ ಈ ಸಲ ಬೆಂಚಿನ ತುದಿಯಲ್ಲಿ ಕೂತುಬಿಟ್ಟರು. ಯಜಮಾನರನ್ನು ಕೆಲಸ ನೋಡಿಕೊಳ್ಳಿ ಎಂದು ಕಳಿಸಿದರು. ಸುಮ್ಮನೆ ತಮ್ಮ ಮನೆಯ ವಿಷಯ ಹೇಳತೊಡಗಿದರು. ಆರು ಮಕ್ಕಳಲ್ಲಿ ನಾಲ್ವರು ಮಣ್ಣಾಗಿದ್ದರು. ಇಬ್ಬರು ಸೊಸೆಯರು, ಒಬ್ಬ ಮೊಮ್ಮಗ. ಪಡುವಣ ಕೋಣೆಯಲ್ಲಿ ಅವರ ಶವಪೆಟ್ಟಿಗೆ ಹತ್ತೊಂಬತ್ತು ವರ್ಷದಿಂದ ಸಿದ್ಧವಾಗಿ ಕೂತಿತ್ತು. ನಮ್ಮಲ್ಲಿ ಅದಕ್ಕೆ ಆಯುಸ್ಸಿನ ಮರ ಎನ್ನುತ್ತಾರೆ. ವರ್ಷಕ್ಕೊಂದು ಸಲ ಅರಗು ಬಳಿಸುತ್ತಾರೆ. ಈಗ ಅರಗೇ ಒಂದು ಬೆರಳು ದಪ್ಪವಾಗಿದೆ ಎಂದರು.

"ಪ್ರತಿ ಹುಟ್ಟುಹಬ್ಬಕ್ಕೂ ಬಂದು ತಲೆಬಾಗಿ, ಬೆಟ್ಟದಷ್ಟು ಬಾಳು ಅಂತಾರೆ. ಬೆಟ್ಟದ ಮಂಡಿ ನೋಯತ್ತಾ ಅಂತ ಯಾರೂ ಕೇಳಲ್ಲ. ನಂಗೆ ಸಾಕಾಗಿದೆ ಕಣಮ್ಮ. ಮಗನ ಮುಂದೆ ಹೇಳಂಗಿಲ್ಲ, ಬಡ್ಕೊಂಡು ಅಳ್ತಾನೆ."

ಸುಲಾನ್ ತಲೆಯೆತ್ತಿ ಅವರನ್ನು ನೋಡಿದಳು. ತನಗೂ ಸಾಕಾಗಿದೆ ಎಂದು ಅವಳೂ ಹೇಳಬಹುದು ಎಂದು ನಾನು ಕಾದೆ. ಅವಳು, ಬಿಸಿನೀರು ಕುಡೀತೀರಾ ಎಂದಷ್ಟೇ ಕೇಳಿದಳು.

ಹೊರಡುವಾಗ ಅಜ್ಜಿ ಒಂದು ಮಾತು ಹೇಳಿದರು. ಉಳಿದದ್ದನ್ನು ಬೆಂಕಿಗೆ ಇಡಬೇಡ, ತಣ್ಣನೆಯ ಚಿನ್ನ ಹಚ್ಚು. ತಣ್ಣನೆಯ ಚಿನ್ನ ಎಂದರೆ ಅರೆದ ಚಿನ್ನದ ಪುಡಿಯನ್ನು ಅಂಟಿನಲ್ಲಿ ಕಲಸಿ ಕುಂಚದಲ್ಲಿ ಬಳಿಯುವುದು. ಲಾಮಾಗಳು ಮೂರ್ತಿಯ ಮುಖಕ್ಕೆ ಹಾಗೆ ಬಳಿಯುತ್ತಾರೆ. ಕೆಲವೇ ವರ್ಷದಲ್ಲಿ ದೀಪದ ಮಸಿಗೆ, ಕೈ ತಾಗಿ ಸವೆದುಹೋಗುತ್ತದೆ. ಸುಲಾನ್ ಆಗುವುದಿಲ್ಲ ಎಂದಳು. ನಿಮ್ಮ ಮಗ ಒಪ್ಪುವುದಿಲ್ಲ, ಯಜಮಾನರ ಹೆಸರು ಕೆಡುತ್ತದೆ, ಮೇಲಾಗಿ ಅದು ತನ್ನ ಕೆಲಸವಲ್ಲ ಎಂದಳು. ಅಜ್ಜಿ, ನಾನಿರೋ ತನಕ ಇದ್ರೆ ಸಾಕು ಎಂದರು.

ಆ ದಿನವೆಲ್ಲ ಅವಳಿಗೆ ಸಿಟ್ಟು. ನಾನು ಏನೋ ಕೇಳಿದರೆ ಮೇಣದವನ ಮಗಳೇ ಎಂದು ಹರಿಹಾಯ್ದಳು. ಕರುಣೆ ತೋರಿಸಲು ಗಾಡಿ ಕಟ್ಟಿಕೊಂಡು ಬರುತ್ತಾರೆ ಎಂದು ಗೊಣಗಿದಳು. ಎಂಟನೆಯದನ್ನು ಮರುದಿನವೇ ಬೆಂಕಿಗಿಟ್ಟಳು. ನಾಲ್ಕು ಲೇಪ ಬೇಕೆಂದಲ್ಲಿ ಐದು ಹಾಕಿದಳು. ಆ ಎಂಟನೆಯದರಷ್ಟು ಚೆಂದದ ಚಿನ್ನವನ್ನು ನಾನು ಮತ್ತೆ ನೋಡಲಿಲ್ಲ. ಕಲಶದ ಅಂಚಿನಿಂದ ಬೆರಳ ತುದಿಯವರೆಗೆ ಒಂದೇ ಹದ, ಮಾಗಿದ ಏಪ್ರಿಕಾಟಿನ ಸಿಪ್ಪೆಯಂತೆ. ಅದಾದ ಮೇಲೆ ಎರಡು ದಿನ ಮಲಗಿದಲ್ಲಿಂದ ಏಳಲಾಗಲಿಲ್ಲ. ಒಲೆಯ ಶಾಖ ಅಡಿಯಲ್ಲಿ ಹಾಯುವ ಮಲಗುವ ಜಗಲಿಯ ಮೇಲೆ ಬೇಸಿಗೆಯಲ್ಲೂ ಕಂಬಳಿ ಹೊದ್ದು ಬಿದ್ದಿದ್ದಳು. ನಾನು ಗಂಜಿ ತೆಗೆದುಕೊಂಡು ಹೋದರೆ ಅಲ್ಲಿಟ್ಟು ಹೋಗು, ನೋಡಬೇಡ ಎಂದಳು.

ಮೂರನೆಯ ದಿನ ಎದ್ದು ಬಂದು ಒಂಬತ್ತನೆಯದಕ್ಕೆ ಇದ್ದಲು ಹಚ್ಚಿದಳು. ಅದೇ ಹೊತ್ತಿಗೆ ಅಜ್ಜಿಯ ಗಾಡಿ ಬಂತು. ಯಾರು ಸುದ್ದಿ ಕೊಟ್ಟರೋ ಗೊತ್ತಿಲ್ಲ. ಮೆಂಗ್ ಯಜಮಾನರಿಗೆ ನನ್ನ ಮೇಲೆ ಅನುಮಾನ ಇತ್ತು. ಅನುಮಾನ ಸುಳ್ಳಾಗಿರಲಿಲ್ಲ ಎಂದು ಈಗ ಹೇಳಿದರೆ ಯಾರಿಗೂ ನಷ್ಟವಿಲ್ಲ.

ಅಜ್ಜಿ ಕುಲುಮೆಯ ಕೋಣೆಗೇ ಬಂದರು. ಸುಲಾನಳ ಎದುರಿಗೆ, ಕೆಂಡದ ಆ ಬದಿಗೆ ಇದ್ದ ಮರದ ದಿಮ್ಮಿಯ ಮೇಲೆ ಊರುಗೋಲು ಊರಿ ಕೂತರು. ಸುಲಾನ್ ಹೊರಗೆ ಹೋಗಿ ಎಂದಳು. ಅಜ್ಜಿ, ನನ್ನ ಹೆಸರಿನ ಬುದ್ಧ ತಾನೆ, ನಾನೂ ನೋಡ್ತೀನಿ, ನೀನು ಮಾಡಮ್ಮ ಎಂದರು. ಯಜಮಾನರು ಬಂದು ಬೇಡಿಕೊಂಡರು. ಕೆಲಸದವಳು ಅತ್ತಳು. ಅಜ್ಜಿ ಕದಲಲಿಲ್ಲ. ಕೊನೆಗೆ ಶಿಂಗ್‌ನನ್ನು ಕರೆಸಿದರು. ಉಣ್ಣೆಯ ಗೋದಾಮಿನಿಂದ ಹಾಗೇ ಎದ್ದು ಬಂದಿದ್ದ, ಅಂಗಿಯ ಮೇಲೆಲ್ಲ ಎಳೆ ಅಂಟಿತ್ತು.

"ಅಮ್ಮ, ಏಳಿ. ಇಲ್ಲಿ ಕೂರಬಾರದು."

"ಯಾಕೋ?"

"ಹೊಗೆ ಇದೆ."

"ಅಡುಗೆಮನೇಲೂ ಇರತ್ತೆ."

"ಇದು ಬೇರೆ ಹೊಗೆ ಅಮ್ಮ. ಒಳ್ಳೇದಲ್ಲ. ಮೈಗೆ ಸೇರ್ಕೊಳತ್ತೆ."

"ಯಾರ ಮೈಗೆ?"

ಶಿಂಗ್ ಅಂಗಿಗೆ ಅಂಟಿದ ಎಳೆ ಕೀಳತೊಡಗಿದ. ಬಾಗಿಲಲ್ಲಿ ಎರಕದವರು, ನನ್ನ ಅಪ್ಪ, ನಾನು ಎಲ್ಲರೂ ನಿಂತಿದ್ದೆವು. ಇಷ್ಟು ವರ್ಷ ಆ ಗಡಿಗೆಯ ಹೆಸರುಕಾಳಿನ ಗಂಜಿ ಕುಡಿದವರಲ್ಲಿ ಒಬ್ಬರೂ ಈ ಮಾತನ್ನು ಹೀಗೆ ಎದುರಿಗಿಟ್ಟು ಕೇಳಿದ್ದಿಲ್ಲ.

"ನಿಂಗೆ ಗೊತ್ತಿತ್ತು ಅಂತಾಯ್ತು," ಎಂದರು ಅಜ್ಜಿ.

"ಎಲ್ಲರಿಗೂ ಗೊತ್ತಿರೋದೇ ಅಮ್ಮ. ಈ ಕಸುಬೇ ಹಂಗೆ."

"ಇವಳ ಮುಖ ನೋಡು. ನಿಂಗಿಂತ ಹದಿನಾಲ್ಕು ವರ್ಷ ಚಿಕ್ಕೋಳು. ಇವಳ ಆಯುಸ್ಸು ಕಿತ್ತು ನಂಗೆ ಅಂಟಿಸ್ತೀಯೇನೋ? ನಂಗೇ ಇರೋದು ಹೆಚ್ಚಾಗಿದೆ."

ಆಗ ಸುಲಾನ್ ಮಾತಾಡಿದಳು.

"ಅಮ್ಮಾವ್ರೆ, ನಾನಿಲ್ಲೇ ಕೂತಿದೀನಿ. ನನ್ನ ಮುಂದೆ ನನ್ನ ಮುಖ ತೋರಿಸಿ ಮಾತಾಡ್ಬೇಡಿ. ಇದು ನನ್ನ ಕೆಲಸ. ನಮ್ಮಪ್ಪನ ಕೆಲಸ."

"ತಪ್ಪಾಯ್ತು," ಎಂದರು ಅಜ್ಜಿ. "ನಿನ್ನ ಕೆಲಸ ಬೇಡ ಅಂತಿಲ್ಲ ನಾನು. ನನ್ನ ಹೆಸರಲ್ಲಿ ಬೇಡ ಅಂತಿದೀನಿ. ಮಾಡ್ಲೇಬೇಕು ಅಂದ್ರೆ ಮಾಡು, ನಾನೂ ಏಳಲ್ಲ."

ಕೆಂಡ ಹದಕ್ಕೆ ಬಂದಿತ್ತು. ಸವರಿದ ಬಿಳಿ ಮುದ್ದೆಯೊಂದಿಗೆ ಒಂಬತ್ತನೆಯ ಅಮಿತಾಯು ಇಕ್ಕಳದಲ್ಲಿ ಕಾಯುತ್ತಿದ್ದ. ಎಲ್ಲರೂ ಸುಲಾನಳನ್ನೇ ನೋಡುತ್ತಿದ್ದರು. ಅವಳಿಗೆ ಹೀಗೆ ನೋಡಿಸಿಕೊಳ್ಳುವುದು ಎಂಥ ಹಿಂಸೆ ಎಂದು ನನಗೆ ಗೊತ್ತಿದ್ದರಿಂದ ನಾನೊಬ್ಬಳು ನೆಲ ನೋಡಿದೆ. ಅವಳು ಇಕ್ಕಳ ಕೆಳಗಿಟ್ಟಳು. ಗೋರುಕೋಲು ತೆಗೆದುಕೊಂಡು ಕೆಂಡವನ್ನು ಬೂದಿಗೆ ಎಳೆದಳು, ಒಂದೊಂದನ್ನೇ, ಅವಸರವಿಲ್ಲದೆ. ಆಮೇಲೆ ಅಲ್ಲೇ ಗೋಡೆಗೆ ಒರಗಿ ಕೂತಳು. ಶಿಂಗ್ ತಾಯಿಯನ್ನು ಎಬ್ಬಿಸಿಕೊಂಡು ಹೋಗುವಾಗ, ತಣ್ಣನೆಯದೇ ಆಗಲಿ, ಯಾರಿಗೂ ಹೇಳಬೇಡಿ ಎಂದು ಯಜಮಾನರಿಗೆ ಪಿಸುಗುಟ್ಟಿದ.

ಮುದ್ದೆಯನ್ನು ಕೆರೆದು ತೆಗೆದು, ಕಂಚನ್ನು ಮತ್ತೆ ತೊಳೆದದ್ದು ನಾನು. ತಣ್ಣನೆಯ ಚಿನ್ನ ಬಳಿದದ್ದೂ ನಾನೇ. ಕುಂಚ ಹಿಡಿಯಲು ಸುಲಾನಳ ಕೈ ಒಪ್ಪಲಿಲ್ಲ. ಕಲ್ಲಿನಿಂದ ಒತ್ತುವ ಕೆಲಸದಲ್ಲಿ ನಡುಕ ಅಡಗಿಸಬಹುದು, ಕುಂಚದಲ್ಲಿ ಆಗುವುದಿಲ್ಲ. ಪಕ್ಕದಲ್ಲಿ ಕೂತು, ಅಂಟು ಹೆಚ್ಚಾಯಿತು, ಕಿವಿಯ ಹಿಂದೆ ಬಿಟ್ಟೆ, ಮುಂಗೈಯ ಕೆಳಗೆ ಕಪ್ಪು ಕಾಣುತ್ತಿದೆ ಎಂದು ತೋರಿಸಿದಳು. ಐದು ದಿನ ಹಿಡಿಯಿತು. ಮುಗಿದ ಮೇಲೆ ದೂರ ಇಟ್ಟು ನೋಡಿ, ಬಟ್ಟೆ ತೊಡಿಸಿದ ಹಾಗಿದೆ, ಮೈಯಲ್ಲ ಎಂದಳು. ಅದು ನಿಜವೇ. ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ನಾನು ಇವತ್ತಿಗೂ ತಣ್ಣನೆಯ ಚಿನ್ನವನ್ನು ಹಾಗೇ ನೋಡುತ್ತೇನೆ.

ಹುಟ್ಟುಹಬ್ಬದ ದಿನ ಶಿಂಗ್ ಮನೆಯ ಮುಂದೆ ಗಾಡಿಗಳ ಸಾಲು. ಒಂಬತ್ತು ಮೂರ್ತಿಗಳನ್ನು ಕೆಂಪು ಬಟ್ಟೆ ಹಾಸಿದ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಸುತ್ತ ಹಿಟ್ಟಿನಲ್ಲಿ ಮಾಡಿ ಬಣ್ಣ ಬಳಿದ ಪೀಚ್ ಹಣ್ಣುಗಳ ರಾಶಿ. ಮೂರ್ತಿಗಳನ್ನು ಹೊತ್ತುಕೊಂಡು ಹೋದವರಲ್ಲಿ ನಾನೂ ಇದ್ದುದರಿಂದ ನೋಡಿದೆ. ಬಂದವರಿಗೆ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಪ್ರತಿಷ್ಠೆಗೆ ಬಂದಿದ್ದ ಲಾಮಾ ಮಾತ್ರ ಒಂಬತ್ತನೆಯದನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ ಕೆಳಗಿಟ್ಟ. ಅಜ್ಜಿ ನಸುಗೆಂಪು ರೇಷ್ಮೆ ತೊಟ್ಟು ಕುರ್ಚಿಯಲ್ಲಿ ಕೂತಿದ್ದರು. ಜನ ಬಂದು ತಲೆಬಾಗಿ ಹೋಗುತ್ತಿದ್ದರು, ಅವರು ಅರ್ಧ ನಿದ್ದೆಯಲ್ಲಿ ಕೈಯೆತ್ತುತ್ತಿದ್ದರು. ನನ್ನನ್ನು ಕಂಡು, ಅವಳು ಬರಲಿಲ್ವಾ ಎಂದು ಕೇಳಿದರು. ಇಲ್ಲ ಎಂದೆ. ಬರದಿದ್ದದ್ದೇ ಸರಿ, ಇಲ್ಲಿ ಬಹಳ ಗಲಾಟೆ ಎಂದರು.

ನನ್ನ ಕೈಯಲ್ಲಿ ಆಯುಸ್ಸಿನ ಶಾವಿಗೆ ಕಟ್ಟಿಕೊಟ್ಟರು. ಒಂದೇ ಎಳೆ, ಬಟ್ಟಲು ತುಂಬ. ಎಳೆ ಎಷ್ಟು ಉದ್ದವೋ ಆಯುಸ್ಸು ಅಷ್ಟು ಎಂದು ನಂಬಿಕೆ. ಸುಲಾನಳ ಮನೆಗೆ ತಲುಪುವಷ್ಟರಲ್ಲಿ ಮುದ್ದೆಯಾಗಿತ್ತು. ಬಿಸಿನೀರು ಹಾಕಿ ಬಿಡಿಸಿಕೊಟ್ಟೆ. ಅವಳು ಊಟದ ಕಡ್ಡಿಗಳಲ್ಲಿ ಎರಡು ಮೂರು ಸಲ ಎತ್ತಲು ನೋಡಿದಳು, ಪ್ರತಿ ಸಲವೂ ಜಾರಿತು. ಆಮೇಲೆ ಹೊಲಿಗೆಯ ಕತ್ತರಿ ತೆಗೆದುಕೊಂಡು ಕಚಕಚ ಕತ್ತರಿಸಿದಳು. ಅಕ್ಕಾ, ಅದನ್ನ ಕತ್ತರಿಸಬಾರದು ಎಂದೆ. ಹೊಟ್ಟೆ ಹಸಿದಿದೆ ಚುನ್ ಎಂದು ಚಮಚದಲ್ಲಿ ತಿಂದಳು.

ಮುಂದಿನ ವಸಂತದಲ್ಲಿ ಒಂದು ಮಠಕ್ಕೆ ತಾರಾದೇವಿಯ ಇಪ್ಪತ್ತೊಂದು ಮೂರ್ತಿಗಳ ಕೆಲಸ ಬಂತು. ಸುಲಾನ್ ಮತ್ತೆ ಬೆಂಕಿಯ ಮುಂದೆ ಕೂತಳು. ಎಲ್ಲ ಮೊದಲಿನಂತೆಯೇ ಆಯಿತಲ್ಲ ಎಂದು ನಾನು ಅಂದುಕೊಂಡೆ. ಆರು ಮೂರ್ತಿಗಳಾದ ಮೇಲೆ ಒಂದು ದಿನ ಊಟದ ಹೊತ್ತಿಗೆ ಮೆಂಗ್ ಯಜಮಾನರ ಹತ್ತಿರ ಹೋಗಿ, ಸಾಕು, ಇನ್ನು ಬೆಂಕಿ ಮುಟ್ಟುವುದಿಲ್ಲ ಎಂದಳು. ಯಜಮಾನರು ಕೂಗಾಡಿದರು. ಅರ್ಧ ಕೆಲಸ ಬಿಟ್ಟರೆ ನನ್ನ ಗತಿ ಏನು, ನಿನ್ನ ಅಪ್ಪ ಹೀಗೆ ಬಿಟ್ಟಿದ್ದನೇ ಎಂದು ಕೇಳಿದರು. ಅವಳು ಕೇಳಿಸಿಕೊಂಡು ನಿಂತಳು, ಕಣ್ಣು ನೆಲದ ಮೇಲಿತ್ತು.

"ಒಳ್ಳೇದಲ್ಲ ಅಂತ ಶಿಂಗ್ ಧಣಿ ಬಾಯಲ್ಲೇ ಬಂತಲ್ಲ ಯಜಮಾನ್ರೆ," ಎಂದಳು. "ಅದು ಕೇಳದೆ ಇದ್ದಿದ್ರೆ ಮಾಡ್ಕೊಂಡಿರ್ತಿದ್ದೆ. ಈಗ ಕೂತ್ರೆ ಅದೇ ಕೇಳತ್ತೆ."

ಯಜಮಾನರು ಪೀಕಿಂಗಿನಿಂದ ಬೆಂಕಿಚಿನ್ನ ಬಲ್ಲ ಒಬ್ಬನನ್ನು ಕರೆಸಿದರು. ಅವನು ಎರಡು ವರ್ಷ ಮಾಡಿ ಊರಿಗೆ ಹೋದ. ಅಷ್ಟರಲ್ಲಿ ಕಾಲವೂ ಕೆಟ್ಟಿತ್ತು. ಗಡಿಯಲ್ಲಿ ಗಲಾಟೆ, ಮಂಗೋಲರ ಒಂಟೆಸಾಲುಗಳು ಬರುವುದು ನಿಂತಿತು, ಮಠಗಳ ಕೈಯಲ್ಲಿ ಏನೂ ಉಳಿಯಲಿಲ್ಲ. ಕಾರ್ಖಾನೆಯಲ್ಲಿ ಮೂವತ್ತು ಜನ ಇದ್ದದ್ದು ಆರಕ್ಕಿಳಿದು, ಕೊನೆಗೆ ಯಜಮಾನರು ಬಾಗಿಲು ಹಾಕಿ ಮಗಳ ಊರಿಗೆ ಹೋದರು. ನನ್ನ ಅಪ್ಪ ಮೇಣದ ಬುದ್ಧರ ಬದಲು ಮೇಣದಬತ್ತಿ ಮಾಡತೊಡಗಿದ. ಅಜ್ಜಿ ಎಂಬತ್ತೆರಡನೆಯ ಚಳಿಗಾಲದಲ್ಲಿ ತೀರಿಕೊಂಡರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ಸುದ್ದಿ ಹೇಳಿದಾಗ ಸುಲಾನ್ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ಪುಣ್ಯವಂತರು ಎಂದಳು. ಶವಯಾತ್ರೆಯ ದಿನ ಬೀದಿಯ ಬದಿಯಲ್ಲಿ ನಿಂತು ನೋಡಿ ಬಂದಳು.

ಬೆಂಕಿ ಬಿಟ್ಟಮೇಲೆ ಸುಲಾನ್ ಎಂಟು ವರ್ಷದ ಹತ್ತಿರ ಬದುಕಿದ್ದಳು. ಮೊದಲು ಒಪ್ಪ ಹಾಕುವ ಕೆಲಸ ಇತ್ತು. ಅದೂ ಹೋದ ಮೇಲೆ ಸಗಣಿ ಒಣಗಿಸಿ ಮಾರಿದಳು, ನೆರೆಯವರ ಕೋಳಿ ನೋಡಿಕೊಂಡಳು. ಕೈಯ ನಡುಕ ಪೂರ್ತಿ ಹೋಗಲಿಲ್ಲ, ಆದರೆ ಬೇಸಿಗೆಯಲ್ಲಿ ಕಡಿಮೆ ಇರುತ್ತಿತ್ತು. ನಾನು ಮದುವೆಯಾಗಿ ಬೀದಿಯ ಆಚೆ ತುದಿಗೆ ಹೋಗಿದ್ದರೂ ದಿನಕ್ಕೊಂದು ಸಲ ಹೋಗುತ್ತಿದ್ದೆ. ಬರಬರುತ್ತ ಜನರನ್ನು ಕಂಡರೆ ಅಷ್ಟು ಹೆದರುತ್ತಿರಲಿಲ್ಲ. ಬಾಗಿಲಲ್ಲಿ ಕೂತು ಹೋಗಿಬರುವವರ ಜೊತೆ ಒಂದೆರಡು ಮಾತಾಡುವಳು. ಒಮ್ಮೆ, ಆ ಎಂಟನೆಯದನ್ನು ಇನ್ನೊಮ್ಮೆ ನೋಡಬೇಕು ಅನ್ನಿಸುತ್ತದೆ ಎಂದಳು. ಶಿಂಗ್ ಮನೆಯವರು ಅಷ್ಟರಲ್ಲಿ ಎಲ್ಲವನ್ನೂ ಕಟ್ಟಿಕೊಂಡು ದೂರದ ತಿಯೆನ್‌ಜಿನ್‌ಗೆ ಹೋಗಿಯಾಗಿತ್ತು.

ಕೊನೆಕೊನೆಗೆ ಅವಳಿಗೆ ನಿದ್ದೆ ಹೆಚ್ಚಾಯಿತು. ಮೊದಲೆಲ್ಲ ನಿದ್ದೆ ಹತ್ತುವುದಿಲ್ಲ ಎಂದು ಒದ್ದಾಡುತ್ತಿದ್ದವಳು, ಗೋಡೆಯ ಬಿಸಿಲಲ್ಲಿ ಕೂತಲ್ಲೇ ತೂಕಡಿಸುವಳು. ಐವತ್ತೆರಡನೆಯ ಮಾಗಿಯಲ್ಲಿ ಒಂದು ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋದೆ. ಜಗಲಿಯ ಮೇಲೆ ಆಚೆ ತಿರುಗಿ ಮಲಗಿದ್ದಳು, ಉಸಿರು ಸಣ್ಣಗೆ ಆಡುತ್ತಿತ್ತು. ಎಬ್ಬಿಸಲೇ ಎಂದು ಯೋಚಿಸಿದೆ. ಮಲಗಲಿ ಅಂದುಕೊಂಡು ಬಟ್ಟಲನ್ನು ಒಲೆಯ ಅಂಚಿನಲ್ಲಿ ಬೆಚ್ಚಗಿರಲೆಂದು ಇಟ್ಟು, ಕೋಳಿಗಳಿಗೆ ಕಾಳು ಹಾಕಿ, ಒಣಗಿಸಿದ್ದ ಬಟ್ಟೆ ಮಡಚಿ, ನಾನೂ ಅವಳ ಕಾಲ ಬಳಿ ಸ್ವಲ್ಪ ಹೊತ್ತು ಕೂತೆ. ಮಧ್ಯಾಹ್ನದ ಹೊತ್ತಿಗೆ ಉಸಿರು ನಿಂತಿತು.